ಕರೆಂಟ್ ಹೋದರೂ ಮಾತಾಡುತ್ತಿದ್ದ ಫೋನು

ತಾಮ್ರದ ಲೈನ್ ಹೋಗಿ ಫೈಬರ್ ಬಂತು. ಜೊತೆಗೆ ವೇಗ ಬಂತು, ವಿಡಿಯೊ ಕಾಲ್ ಬಂತು. ಆದರೆ ಊರಲ್ಲಿರುವ ಅಪ್ಪ-ಅಮ್ಮನ ಮನೆಯಲ್ಲಿ ನಡುರಾತ್ರಿ ಕರೆಂಟ್ ಹೋದಾಗ 108ಕ್ಕೆ ಫೋನ್ ಹತ್ತುತ್ತದಾ? ಒಮ್ಮೆ ನೋಡಿಕೊಳ್ಳಿ.

ಮೇ ತಿಂಗಳ ಒಂದು ರಾತ್ರಿ ಭಾಲ್ಕಿಯಲ್ಲಿ ಬಿರುಗಾಳಿ ಎದ್ದಿತು. ನಮ್ಮ ಬೀದರ್ ಕಡೆ ಮುಂಗಾರಿಗೆ ಮೊದಲಿನ ಮಳೆ ಬರುವುದೇ ಹಾಗೆ. ಮೊದಲು ಧೂಳು, ಆಮೇಲೆ ಗುಡುಗು, ಅದರ ಹಿಂದೆಯೇ ಕರೆಂಟ್ ಹೋಗುತ್ತದೆ. ಅವತ್ತು ಸಂಜೆ ಏಳಕ್ಕೆ ಹೋದ ಕರೆಂಟ್ ರಾತ್ರಿ ಹನ್ನೊಂದಾದರೂ ಬರಲಿಲ್ಲ. ಅಷ್ಟೊತ್ತಿಗೆ ಅಪ್ಪನಿಗೆ ದಮ್ಮು ಶುರುವಾಯಿತು.

ಮನೆಯಲ್ಲಿ ನೆಬ್ಯುಲೈಜರ್ ಇತ್ತು, ಅದಕ್ಕೂ ಕರೆಂಟ್ ಬೇಕು. ಅವ್ವ ಮನೆ ಫೋನ್ ಎತ್ತಿದರು, ಸದ್ದೇ ಇಲ್ಲ. ಮೊಬೈಲ್ ಹಿಡಿದರೆ ಚಾರ್ಜ್ ಸ್ವಲ್ಪ ಉಳಿದಿತ್ತು, ಆದರೆ ರೇಂಜ್ ಇರಲಿಲ್ಲ. ಕೊನೆಗೆ ಪಕ್ಕದ ಮನೆ ಹುಡುಗ ಆ ಮಳೆಯಲ್ಲೇ ಬೈಕ್ ಹತ್ತಿ ಹೋಗಿ ಡಾಕ್ಟರನ್ನು ಕರೆತಂದ. ಅಪ್ಪ ಉಳಿದರು.

ಬೆಂಗಳೂರಲ್ಲಿದ್ದ ನನಗೆ ಇದೆಲ್ಲ ಗೊತ್ತಾಗಿದ್ದು ಮರುದಿನ ಬೆಳಿಗ್ಗೆ. ಅವ್ವ ಹೇಳಿದ್ದು ಇಷ್ಟೇ: "ನಿಮ್ಮಪ್ಪಗ ರಾತ್ರಿ ದಮ್ಮು ಹತ್ತಿತ್ತಪಾ. ಮೊದಲಿನ ಫೋನ್ ಇದ್ರ ಲೈಟ್ ಹೋದ್ರೂ ಹತ್ತತಿತ್ತು. ಈ ಹೊಸಾದು ಲೈಟ್ ಹೋದ ಕೂಡಲೇ ಸಾಯ್ತದ."

ಆ ಹೊಸ ಫೋನ್ ಹಾಕಿಸಿದ್ದು ನಾನೇ. ಮೊಮ್ಮಗಳ ಮುಖ ವಿಡಿಯೊ ಕಾಲ್‌ನಲ್ಲಿ ನಿಂತು ನಿಂತು ಬರುತ್ತಿತ್ತು ಅಂತ ಬೇಜಾರಾಗಿ, ಹಳೆ ಲೈನ್ ತೆಗೆಸಿ ಫೈಬರ್ ಹಾಕಿಸಿದ್ದೆ. ಹಾಕಲು ಬಂದ ಹುಡುಗರು ವೇಗ ತೋರಿಸಿದರು, ಪಾಸ್‌ವರ್ಡ್ ಬರೆದುಕೊಟ್ಟರು, ಟಿ.ವಿ.ಗೂ ಜೋಡಿಸಿಕೊಟ್ಟರು. ಕರೆಂಟ್ ಹೋದರೆ ಏನಾಗುತ್ತದೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಊರು ಬಿಟ್ಟು ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿ ಕೆಲಸ ಮಾಡುತ್ತಿರುವ ನನ್ನ ವಯಸ್ಸಿನವರ ಎಷ್ಟೋ ಮನೆಗಳಲ್ಲಿ ಇದೇ ಬದಲಾವಣೆ ಆಗಿದೆ. ಹಾಗಾಗಿ ಆ ರಾತ್ರಿ ನಮ್ಮ ಫೋನ್ ಯಾಕೆ ಸತ್ತಿತು ಅಂತ ಕುಳಿತು ತಿಳಿದುಕೊಂಡೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತಂತಿಯ ಜೊತೆಗೇ ಬರುತ್ತಿದ್ದ ಕರೆಂಟ್

ಹಳೆ ಲ್ಯಾಂಡ್‌ಲೈನ್ ಫೋನಿಗೆ ಮನೆಯಲ್ಲಿ ಪ್ಲಗ್ ಇರಲಿಲ್ಲ. ನೆನಪಿದೆಯಾ? ಗೋಡೆಯ ಚಿಕ್ಕ ಡಬ್ಬಿಯಿಂದ ಒಂದು ತೆಳು ತಂತಿ ಬಂದು ಫೋನಿಗೆ ಸೇರುತ್ತಿತ್ತು, ಅಷ್ಟೇ. ಹಾಗಾದರೆ ಅದಕ್ಕೆ ಕರೆಂಟ್ ಎಲ್ಲಿಂದ ಬರುತ್ತಿತ್ತು?

ಎಕ್ಸ್‌ಚೇಂಜಿನಿಂದ. ನಿಮ್ಮ ಮಾತು ಹೊತ್ತು ಹೋಗುವ ಜೋಡಿ ತಾಮ್ರದ ತಂತಿಯಲ್ಲೇ 48 ವೋಲ್ಟ್ ಡಿ.ಸಿ. ವಿದ್ಯುತ್ ಸದಾ ಹರಿಯಲು ತಯಾರಾಗಿರುತ್ತಿತ್ತು. ಎಕ್ಸ್‌ಚೇಂಜಿನ ಒಂದು ಕೋಣೆಯಲ್ಲಿ ಎರಡೆರಡು ವೋಲ್ಟಿನ 24 ಬ್ಯಾಟರಿ ಸೆಲ್‌ಗಳನ್ನು ಸಾಲಾಗಿ ಜೋಡಿಸಿಟ್ಟಿರುತ್ತಿದ್ದರು. ಊರಿನ ಕರೆಂಟ್ ಇರುವಾಗ ಅವು ಚಾರ್ಜ್ ಆಗುತ್ತಲೇ ಇರುತ್ತಿದ್ದವು. ಕರೆಂಟ್ ಹೋದರೆ ಅದೇ ಬ್ಯಾಟರಿ ಊರಿನ ಎಲ್ಲ ಫೋನ್‌ಗಳನ್ನೂ ನಡೆಸುತ್ತಿತ್ತು. ಬ್ಯಾಟರಿ ಇಳಿಯುವ ಮೊದಲು ಡೀಸೆಲ್ ಜನರೇಟರ್ ಶುರು ಮಾಡುತ್ತಿದ್ದರು.

ಅಂದರೆ ಲ್ಯಾಂಡ್‌ಲೈನ್ ಬಾಡಿಗೆ ಕಟ್ಟುವಾಗ ನಾವು ಮಾತಾಡುವ ಸೌಲಭ್ಯದ ಜೊತೆಗೆ ಒಂದು ಚಿಕ್ಕ ಯು.ಪಿ.ಎಸ್. ಸೇವೆಗೂ ದುಡ್ಡು ಕೊಡುತ್ತಿದ್ದೆವು. ಬಿಲ್‌ನಲ್ಲಿ ಅದರ ಹೆಸರೇ ಇರುತ್ತಿರಲಿಲ್ಲ, ಹಾಗಾಗಿ ಅದು ಹೋದದ್ದೂ ಯಾರಿಗೂ ಗೊತ್ತಾಗಲಿಲ್ಲ.

ಈ ಕಥೆಯಲ್ಲಿ ಕರ್ನಾಟಕಕ್ಕೂ ಒಂದು ಪಾತ್ರವಿದೆ. 1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಸಂಸ್ಥೆ ಕಟ್ಟಿತು. ಅದು ರೂಪಿಸಿದ ಮೊದಲ 128 ಲೈನ್‌ಗಳ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಶುರುವಾಗಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ವಿದೇಶದಿಂದ ತರಿಸಿದ ಎಕ್ಸ್‌ಚೇಂಜ್‌ಗಳಿಗೆ ಎ.ಸಿ. ಕೋಣೆ ಬೇಕಾಗುತ್ತಿತ್ತು. ನಮ್ಮ ಹಳ್ಳಿಗಳ ಬಿಸಿಲು, ಧೂಳು, ಬಂದು ಹೋಗುವ ಕರೆಂಟ್ ಎಲ್ಲವನ್ನೂ ತಾಳಿಕೊಳ್ಳಬೇಕು ಅಂತಲೇ ಈ ಯಂತ್ರವನ್ನು ಮಾಡಿದ್ದರು. ಮುಂದೆ ಇಂಥ ಎಕ್ಸ್‌ಚೇಂಜ್‌ಗಳು ದೇಶದ ಹಳ್ಳಿ ಹಳ್ಳಿಗೂ ಹೋದವು. ಕರೆಂಟ್ ಸರಿಯಾಗಿ ಇರುವುದಿಲ್ಲ ಅನ್ನುವುದನ್ನು ಮೊದಲೇ ಒಪ್ಪಿಕೊಂಡು ಕಟ್ಟಿದ ವ್ಯವಸ್ಥೆ ಅದು.

1990ರ ದಶಕದಲ್ಲಿ ನಮ್ಮ ಓಣಿಗೆಲ್ಲ ಇದ್ದದ್ದು ಎರಡೇ ಫೋನ್. ಉಳಿದವರು ತಮ್ಮ ವಿಳಾಸದ ಕೆಳಗೆ ಅವರ ನಂಬರ್ ಬರೆದು ಪಕ್ಕದಲ್ಲಿ 'ಪಿ.ಪಿ.' ಅಂತ ಸೇರಿಸುತ್ತಿದ್ದರು. ಸಾವು, ಹೆರಿಗೆ, ನೌಕರಿಯ ಸುದ್ದಿ ಎಲ್ಲವೂ ಆ ಎರಡು ಮನೆಗಳಿಗೆ ಬರುತ್ತಿತ್ತು. ನಡುರಾತ್ರಿ ಬಾಗಿಲು ಬಡಿದರೂ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತಾಗ ನಮ್ಮ ಜಿಲ್ಲೆಯೂ ನಡುಗಿತ್ತು. ಅವತ್ತು ಮನೆ ಬಿಟ್ಟು ಓಡಿ ಬಂದದ್ದನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಅಂಥ ಹೊತ್ತಿನಲ್ಲಿ ಒಂದು ಫೋನಿನ ಬೆಲೆ ಏನು ಅಂತ ಅವರಿಗೆ ಗೊತ್ತು.

ಹಾಗಂತ ತಾಮ್ರವೇ ಒಳ್ಳೆಯದಿತ್ತಾ?

ಹಳೆಯದನ್ನು ಸುಮ್ಮನೆ ಹೊಗಳಬಾರದು. ತಾಮ್ರದ ಲೈನಿಗೆ ಅದರದೇ ಕಾಯಿಲೆಗಳಿದ್ದವು. ಮಳೆಗಾಲದಲ್ಲಿ ಜಾಯಿಂಟ್‌ಗಳಿಗೆ ನೀರು ಇಳಿದರೆ ಮಾತಿನ ಜೊತೆ 'ಕರ ಕರ' ಸದ್ದು ಬರುತ್ತಿತ್ತು, ಆಮೇಲೆ ಲೈನೇ ಸಾಯುತ್ತಿತ್ತು. ಗುಡುಗುವಾಗ ಫೋನ್ ಮುಟ್ಟಬೇಡಿ ಅಂತ ಹಿರಿಯರು ಗದರುತ್ತಿದ್ದುದು ಸುಮ್ಮನೆ ಅಲ್ಲ, ಸಿಡಿಲಿನ ವಿದ್ಯುತ್ ತಂತಿಯ ಮೂಲಕ ಮನೆಯೊಳಗೆ ಬರಬಹುದಿತ್ತು. ತಾಮ್ರಕ್ಕೆ ಗುಜರಿಯಲ್ಲಿ ಬೆಲೆ ಇರುವುದರಿಂದ ಕೇಬಲ್ ಕಳ್ಳತನವೂ ಆಗುತ್ತಿತ್ತು. ಇಂಟರ್ನೆಟ್ ಬಂದಾಗಲಂತೂ ಎಕ್ಸ್‌ಚೇಂಜಿನಿಂದ ಮನೆ ದೂರವಾದಷ್ಟೂ ವೇಗ ಕುಸಿಯುತ್ತಿತ್ತು.

ರಿಪೇರಿ ಮಾಡುವ ಕೈಗಳೂ ಕಡಿಮೆಯಾದವು. 2020ರ ಜನವರಿ 31ರಂದು ಬಿ.ಎಸ್.ಎನ್.ಎಲ್.ನ ಸ್ವಯಂ ನಿವೃತ್ತಿ ಯೋಜನೆಯಲ್ಲಿ ದೇಶದಾದ್ಯಂತ ಸುಮಾರು 78,500 ನೌಕರರು ಒಟ್ಟಿಗೇ ಹೊರಬಂದರು. ಅದು ಸಂಸ್ಥೆಯ ಹೆಚ್ಚೂಕಡಿಮೆ ಅರ್ಧ ಸಿಬ್ಬಂದಿ. ಯಾವ ಓಣಿಯ ಯಾವ ಕಂಬದ ಡಬ್ಬಿಯಲ್ಲಿ ಯಾರ ಮನೆಯ ಜೋಡಿ ತಂತಿ ಇದೆ ಅಂತ ಬಾಯಿಪಾಠವಾಗಿದ್ದ ಎಷ್ಟೋ ಲೈನ್‌ಮನ್‌ಗಳ ತಿಳಿವಳಿಕೆ ಅವರ ಜೊತೆಗೇ ಮನೆಗೆ ಹೋಯಿತು.

ಫೈಬರ್ ಈ ಕಾಯಿಲೆಗಳಲ್ಲಿ ಹೆಚ್ಚಿನವನ್ನು ವಾಸಿ ಮಾಡುತ್ತದೆ. ಕೂದಲೆಳೆಯಷ್ಟು ತೆಳುವಾದ ಗಾಜಿನಲ್ಲಿ ಬೆಳಕು ಓಡುತ್ತದೆ. ಅದಕ್ಕೆ ತುಕ್ಕು ಹಿಡಿಯುವುದಿಲ್ಲ, ಸಿಡಿಲಿನ ವಿದ್ಯುತ್ತನ್ನು ಒಯ್ಯುವುದಿಲ್ಲ, ಕದ್ದರೆ ಮಾರಲು ಬರುವುದಿಲ್ಲ. ಹತ್ತಿಪ್ಪತ್ತು ಕಿಲೋಮೀಟರ್ ದೂರ ಹೋದರೂ ವೇಗ ಬೀಳುವುದಿಲ್ಲ. ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿದ ಯೋಜನೆಯೇ ಮುಂದೆ 'ಭಾರತ್‌ನೆಟ್' ಅನ್ನುವ ಹೆಸರಲ್ಲಿ ಗ್ರಾಮ ಪಂಚಾಯಿತಿಗಳವರೆಗೆ ಫೈಬರ್ ಎಳೆಯಿತು. 2017ರ ಕೊನೆಗೆ ಮೊದಲ ಹಂತದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪಂಚಾಯಿತಿಗಳನ್ನು ಜೋಡಿಸಲಾಯಿತು. ಇದೆಲ್ಲ ಬೇಕಾಗಿತ್ತು. ತಾಮ್ರ ವಾಪಸ್ ಬರಲಿ ಅಂತ ನಾನು ಹೇಳುತ್ತಿಲ್ಲ, ಅದು ಬರುವುದೂ ಇಲ್ಲ.

ಆದರೆ ತಾಮ್ರ ಮಾಡುತ್ತಿದ್ದ ಒಂದು ಕೆಲಸವನ್ನು ಗಾಜು ಮಾಡುವುದಿಲ್ಲ. ಗಾಜಿನಲ್ಲಿ ಬೆಳಕು ಹೋಗುತ್ತದೆ, ಫೋನ್ ನಡೆಸುವ ಕರೆಂಟ್ ಹೋಗುವುದಿಲ್ಲ.

ಮೂರು ಕಡೆ ಕರೆಂಟ್ ಇರಬೇಕು

ಫೈಬರ್ ಫೋನ್ ಮಾತಾಡಬೇಕಾದರೆ ಎರಡು ಜಾಗಗಳಲ್ಲಿ ಕರೆಂಟ್ ಬೇಕು, ಅದು ಹೋದಾಗ ಮೊಬೈಲ್ ಹತ್ತಬೇಕಾದರೆ ಮೂರನೆಯ ಜಾಗದಲ್ಲೂ ಬೇಕು. ಇದನ್ನು ಮನಸ್ಸಲ್ಲಿ ಇಟ್ಟುಕೊಂಡರೆ ಉಳಿದದ್ದೆಲ್ಲ ಸುಲಭ.

ಮೊದಲನೆಯದು ನಿಮ್ಮ ಮನೆ. ಗೋಡೆಗೆ ಹಾಕಿರುವ ಮಿಣುಕು ದೀಪಗಳ ಪೆಟ್ಟಿಗೆಗೆ ಓ.ಎನ್.ಟಿ. ಅನ್ನುತ್ತಾರೆ. ನಾವು ಸುಮ್ಮನೆ 'ವೈಫೈ ಡಬ್ಬಿ' ಅನ್ನುತ್ತೇವೆ. ಬೆಳಕನ್ನು ಮಾತಾಗಿ, ಇಂಟರ್ನೆಟ್ಟಾಗಿ ಬದಲಾಯಿಸುವುದು ಇದೇ. ಮನೆ ಫೋನಿನ ವಯರ್ ಕೂಡ ಇದರ ಹಿಂದಿನ ಫೋನ್ ತೂತಿಗೇ ಸೇರಿರುತ್ತದೆ. ಮನೆ ಕರೆಂಟ್ ಹೋದ ಕ್ಷಣವೇ ಇದು ಸಾಯುತ್ತದೆ, ಇದರ ಜೊತೆ ಫೋನೂ ಸಾಯುತ್ತದೆ.

ಎರಡನೆಯದು ಆಚೆ ತುದಿ. ಅಲ್ಲಿ ಓ.ಎಲ್.ಟಿ. ಅನ್ನುವ ಯಂತ್ರ ಇರುತ್ತದೆ. ಅದರ ಒಂದು ಕಿಂಡಿಯಿಂದ ಹೊರಟ ಒಂದೇ ಫೈಬರ್ ಎಳೆ ದಾರಿಯಲ್ಲಿ ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿಯಲ್ಲಿ ಕವಲೊಡೆದು 32 ಅಥವಾ 64 ಮನೆಗಳಿಗೆ ಹೋಗಬಹುದು. ಸ್ಪ್ಲಿಟರ್‌ಗೆ ಕರೆಂಟ್ ಬೇಕಿಲ್ಲ, ಅದು ಫೈಬರ್‌ನ ದೊಡ್ಡ ಗುಣ. ಆದರೆ ಓ.ಎಲ್.ಟಿ.ಗೆ ಬೇಕೇ ಬೇಕು. ಅದು ಎಕ್ಸ್‌ಚೇಂಜ್ ಕಟ್ಟಡದಲ್ಲಿದ್ದರೆ ಹಿಂದೆ ದೊಡ್ಡ ಬ್ಯಾಟರಿ ಇರುತ್ತದೆ. ಸ್ಥಳೀಯ ಆಪರೇಟರ್ ಒಬ್ಬರ ಅಂಗಡಿಯಲ್ಲಿದ್ದರೆ ಅಲ್ಲಿನ ಯು.ಪಿ.ಎಸ್. ಎಷ್ಟು ಹೊತ್ತು ಬಾಳುತ್ತದೋ ನಿಮ್ಮ ಲೈನ್ ಅಷ್ಟೇ ಹೊತ್ತು.

ಮೂರನೆಯದು ಮೊಬೈಲ್ ಟವರ್. 'ಫೋನ್ ಹೋದರೆ ಹೋಗಲಿ, ಮೊಬೈಲ್ ಇದೆಯಲ್ಲ' ಅಂತೀವಲ್ಲ, ಅದಕ್ಕೆ. ಟವರ್ ಬುಡದಲ್ಲಿ ಬ್ಯಾಟರಿ ಇರುತ್ತದೆ, ಎಷ್ಟೋ ಕಡೆ ಡೀಸೆಲ್ ಜನರೇಟರ್ ಕೂಡ ಇರುತ್ತದೆ. ಆದರೆ ಬ್ಯಾಟರಿಗೆ ಗಂಟೆಗಳ ಲೆಕ್ಕ ಇದೆ, ಡೀಸೆಲ್ ಯಾರಾದರೂ ತಂದು ಹಾಕಬೇಕು. ಅಲ್ಲದೆ ಟವರ್‌ಗೆ ಬರುವ ದೊಡ್ಡ ಲೈನೂ ಈಗ ಬಹಳ ಕಡೆ ಫೈಬರ್ರೇ. ರಸ್ತೆ ಅಗೆಯುವ ಜೆ.ಸಿ.ಬಿ. ಅದನ್ನು ಕಿತ್ತರೆ ಮನೆ ಫೋನು, ವೈಫೈ, ಮೊಬೈಲ್ ಮೂರೂ ಒಟ್ಟಿಗೇ ಮಲಗಬಹುದು. ಮೂರು ಕಂಪನಿಯ ಸಿಮ್ ಇದ್ದರೂ ಮೂವರ ಕೇಬಲ್ ಒಂದೇ ರಸ್ತೆ ಬದಿಯಲ್ಲಿ ಹೋಗುತ್ತಿದ್ದರೆ ಪ್ರಯೋಜನವಿಲ್ಲ.

ಆ ರಾತ್ರಿ ನಮ್ಮ ಮನೆಯಲ್ಲಿ ಆದದ್ದೂ ಇದೇ. ಡಬ್ಬಿ ಸಂಜೆ ಏಳಕ್ಕೇ ಸತ್ತಿತ್ತು. ಅವ್ವನಿಗೆ ಅದು ಗೊತ್ತಾಗಿದ್ದು ನಾಲ್ಕು ಗಂಟೆಯ ಮೇಲೆ, ಫೋನ್ ಎತ್ತಿದಾಗ. ಅಷ್ಟೊತ್ತಿಗೆ ಟವರ್ರೂ ಕೈಬಿಟ್ಟಿತ್ತು.

ಬೀದರ್, ಭಾಲ್ಕಿ, ಔರಾದ್: ಮೂರು ಊರು, ಮೂರು ಚಿಂತೆ

ಒಂದೇ ಜಿಲ್ಲೆಯಾದರೂ ಎಲ್ಲ ಕಡೆ ಅಪಾಯ ಒಂದೇ ಥರ ಇಲ್ಲ.

ಬೀದರ್ ನಗರದಲ್ಲಿ ಆಯ್ಕೆ ಜಾಸ್ತಿ. ಹಲವು ಕಂಪನಿಗಳ ಫೈಬರ್ ಇದೆ, ಟವರ್‌ಗಳು ಹತ್ತಿರ ಹತ್ತಿರ ಇವೆ. ದೊಡ್ಡ ಸರ್ಕಾರಿ ಆಸ್ಪತ್ರೆ ಬ್ರಿಮ್ಸ್ ಊರಲ್ಲೇ ಇದೆ. ಫೋನ್ ಹತ್ತದಿದ್ದರೂ ಆಟೋದಲ್ಲಿ ಹೋಗಿಬಿಡಬಹುದು. ಇಲ್ಲಿನ ಚಿಂತೆ ಬೇರೆ. ಹಳೆ ಊರಿನ ನಡುವೆ 71 ಅಡಿ ಎತ್ತರದ ಚೌಬಾರ ಗೋಪುರ ನಿಂತಿದೆ. ಊರಿಗೆ ಅಪಾಯ ಬರುತ್ತಿದೆಯೇ ಅಂತ ಮೇಲಿನಿಂದ ನಾಲ್ಕೂ ದಿಕ್ಕಿಗೆ ಕಣ್ಣಿಡಲು ಕಟ್ಟಿದ ಕಾವಲು ಗೋಪುರ ಅದು. ಇಂದು ಅಂಥ ಗಲ್ಲಿಗಳಲ್ಲಿ ಕಣ್ಣೆತ್ತಿದರೆ ಕಾಣುವುದು ಕಂಬದಿಂದ ಕಂಬಕ್ಕೆ ಜೋತುಬಿದ್ದ ಕೇಬಲ್ ಗೊಂಚಲು. ಗಾಳಿಗೆ ಒಂದು ಕಂಬ ವಾಲಿದರೆ ಕರೆಂಟ್ ತಂತಿ, ಫೈಬರ್ ಎರಡೂ ಒಟ್ಟಿಗೇ ಹೋಗುತ್ತವೆ.

ನೆಲದೊಳಗೆ ಹಾಕಿದರೆ ಇನ್ನೊಂದು ಕಥೆ. ಬಹಮನಿ ಕಾಲದಲ್ಲಿ ನೆಲದಡಿ ಸುರಂಗ ಕೊರೆದು ನೀರು ತಂದ ನೌಬಾದ್ ಕರೇಜ್ ನಮ್ಮ ಊರಲ್ಲೇ ಇದೆ. ಮೇಲೆ ನಡೆಯುವವರು ಅದನ್ನು ಎಷ್ಟು ಮರೆತಿದ್ದರೆಂದರೆ ಅದರ ಬಾವಿಗಳನ್ನು ಮತ್ತೆ ಹುಡುಕಿ ಹೂಳು ತೆಗೆಯಬೇಕಾಯಿತು. ನೆಲದಲ್ಲಿ ಹೂತದ್ದು ಎಲ್ಲಿದೆ ಅಂತ ಗುರುತು ಇಟ್ಟುಕೊಳ್ಳದಿದ್ದರೆ ಫೈಬರ್‌ಗೂ ಅದೇ ಗತಿ. ರಸ್ತೆ ಅಗಲ ಮಾಡುವ ಗುತ್ತಿಗೆದಾರನಿಗೆ ಅದು ಕಾಣುವುದು ತುಂಡಾದ ಮೇಲೆಯೇ.

ಭಾಲ್ಕಿ ತಾಲೂಕು ಕೇಂದ್ರ. ತಾಲೂಕು ಆಸ್ಪತ್ರೆ ಇದೆ, ಆದರೆ ಹೃದಯ, ಮಿದುಳಿನಂಥ ಕಾಯಿಲೆಗೆ ಸುಮಾರು 40 ಕಿ.ಮೀ. ದೂರದ ಬೀದರ್‌ಗೋ ಅಲ್ಲಿಂದ ಹೈದರಾಬಾದ್‌ಗೋ ಓಡಬೇಕು. ಇಲ್ಲಿ ಮೊದಲ ಅರ್ಧ ಗಂಟೆಯಲ್ಲಿ ಫೋನ್ ಹತ್ತುವುದೇ ಮುಖ್ಯ: ಆಂಬುಲೆನ್ಸಿಗೆ, ಡಾಕ್ಟರಿಗೆ, ಜೊತೆ ಬರುವ ನೆಂಟರಿಗೆ. ಮಕ್ಕಳು ಹೊರಗಿದ್ದು ಇಬ್ಬರೇ ಹಿರಿಯರು ಇರುವ ಮನೆಗಳೂ ನಮ್ಮ ಊರಲ್ಲಿ ಕಡಿಮೆ ಇಲ್ಲ.

ಔರಾದ್‌ನ ಚಿಂತೆಯನ್ನು ಬೆಂಗಳೂರಲ್ಲಿ ಕುಳಿತವರು ಊಹಿಸುವುದೂ ಕಷ್ಟ. ಈ ತಾಲೂಕಿಗೆ ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಗಡಿ ಹಳ್ಳಿಗಳಲ್ಲಿ ಮೊಬೈಲ್ ಯಾವ ಟವರ್ ಹತ್ತಿರವೋ ಅದನ್ನು ಹಿಡಿಯುತ್ತದೆ, ಅದಕ್ಕೆ ರಾಜ್ಯದ ಗಡಿ ಗೊತ್ತಿಲ್ಲ. ಮಾಮೂಲಿ ಕರೆಗೆ ಇದರಿಂದ ತೊಂದರೆ ಇಲ್ಲ. ಆದರೆ 108, 112ರಂಥ ಚಿಕ್ಕ ನಂಬರ್ ಒತ್ತಿದಾಗ ಕರೆ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಟವರ್ ಇರುವ ಜಾಗ ನೋಡಿ ತೀರ್ಮಾನಿಸಲಾಗುತ್ತದೆ. ಫೋನು ಆಚೆ ರಾಜ್ಯದ ಟವರ್ ಹಿಡಿದಿದ್ದರೆ ಕರೆ ಆ ರಾಜ್ಯದ ಕಂಟ್ರೋಲ್ ರೂಮಿಗೆ ಹೋಗಬಹುದು. ಅತ್ತ ಮರಾಠಿಯಲ್ಲೋ ತೆಲುಗಿನಲ್ಲೋ ಕೇಳುತ್ತಾರೆ, ನಮ್ಮ ಹಳ್ಳಿಯ ಹೆಸರು ಅವರಿಗೆ ಗೊತ್ತಿರುವುದಿಲ್ಲ. ಗಡಿಯ ಜನಕ್ಕೆ ಮೂರು ಭಾಷೆ ಬರುತ್ತದೆ ನಿಜ. ಆದರೆ ಗಾಬರಿಯಲ್ಲಿ ವಿಳಾಸ ವಿವರಿಸುವ ಎರಡು ನಿಮಿಷವೂ ದೊಡ್ಡದೇ.

ಲ್ಯಾಂಡ್‌ಲೈನ್‌ಗೆ ಈ ಗೊಂದಲ ಇರಲಿಲ್ಲ. ಔರಾದ್‌ನ 08485 ಕೋಡ್ ಇರುವ ಫೋನಿನಿಂದ 108 ಒತ್ತಿದರೆ ಅದು ಕರ್ನಾಟಕದ್ದೇ ಕರೆ. ಮನೆಗೆ ಗಟ್ಟಿಯಾಗಿ ಕಟ್ಟಿಹಾಕಿದ ನಂಬರ್, ಜೊತೆಗೆ ವಿಳಾಸವೂ ದಾಖಲೆಯಲ್ಲಿ. ಫೈಬರ್ ಮೇಲೆ ಬರುವ ಮನೆ ಫೋನಿಗೂ ಇದೇ ಊರಿನ ನಂಬರ್ ಸಿಗುತ್ತದೆ. ಹಾಗಾಗಿ ಗಡಿ ಊರುಗಳಲ್ಲಿ ಮನೆ ಫೋನ್ ಹಳೆ ಕಾಲದ ವಸ್ತು ಅಂತ ಕಿತ್ತೆಸೆಯಬಾರದು. ಅದನ್ನು ಕರೆಂಟ್ ಇಲ್ಲದಾಗಲೂ ಬದುಕಿಸಿಡಬೇಕು.

ಬೇರೆ ದೇಶಗಳು ಏನು ಮಾಡಿದವು?

ಈ ಪಾಠವನ್ನು ಬೇರೆಯವರು ಪೆಟ್ಟು ತಿಂದೇ ಕಲಿತಿದ್ದಾರೆ. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ಅಮೆರಿಕದ ಪೂರ್ವ ಕರಾವಳಿಗೆ ಬಡಿದು ನ್ಯೂಯಾರ್ಕ್ ಬಳಿಯ ಫೈರ್ ಐಲ್ಯಾಂಡ್‌ನ ತಾಮ್ರದ ಲೈನ್‌ಗಳನ್ನು ಹಾಳು ಮಾಡಿತು. ಫೋನ್ ಕಂಪನಿ ವೆರೈಜನ್ ಅದನ್ನು ರಿಪೇರಿ ಮಾಡುವ ಬದಲು ಮೊಬೈಲ್ ಸಿಗ್ನಲ್ ಮೇಲೆ ನಡೆಯುವ ಡಬ್ಬಿ ಕೊಡಲು ಹೊರಟಿತು. ಇದು ನಮಗೆ ಸಾಲದು ಅಂತ ಜನ ಜಗಳ ತೆಗೆದರು. 2013ರಲ್ಲಿ ಕಂಪನಿ ಮನಸ್ಸು ಬದಲಿಸಿ ಫೈಬರ್ ಹಾಕಲು ಒಪ್ಪಿತು. ಅಮೆರಿಕದ ಸಂವಹನ ಆಯೋಗ 2015ರಲ್ಲಿ ಒಂದು ನಿಯಮ ಮಾಡಿತು: ಇಂಥ ಫೋನ್ ಕೊಡುವ ಕಂಪನಿಗಳು 8 ಗಂಟೆ ಬಾಳುವ ಬ್ಯಾಟರಿಯನ್ನು ಗ್ರಾಹಕರು ಕೇಳಿದರೆ ಮಾರಲೇಬೇಕು, ಮುಂದೆ 24 ಗಂಟೆಯದ್ದನ್ನೂ ಇಡಬೇಕು, ಕರೆಂಟ್ ಹೋದರೆ ಫೋನ್ ನಡೆಯುವುದಿಲ್ಲ ಅಂತ ಸ್ಪಷ್ಟವಾಗಿ ಹೇಳಬೇಕು.

ಬ್ರಿಟನ್‌ನಲ್ಲಿ ಹಳೆ ಫೋನ್ ಜಾಲವನ್ನು 2025ರ ಡಿಸೆಂಬರಿಗೆ ಮುಚ್ಚುವ ಯೋಚನೆ ಇತ್ತು. ಅಲ್ಲಿ ಒಂಟಿಯಾಗಿರುವ ಅನೇಕ ವೃದ್ಧರು ಕೊರಳಲ್ಲಿ ಒಂದು ಗುಂಡಿ ಹಾಕಿಕೊಂಡಿರುತ್ತಾರೆ. ಬಿದ್ದರೆ ಒತ್ತಿದರಾಯಿತು, ಲ್ಯಾಂಡ್‌ಲೈನ್ ಮೂಲಕ ಸಹಾಯ ಕೇಂದ್ರಕ್ಕೆ ಕರೆ ಹೋಗುತ್ತದೆ. ಹೊಸ ಲೈನಿಗೆ ಬದಲಾದ ಕೆಲವರ ಗುಂಡಿ ಕೆಲಸ ಮಾಡದೆ ಗಂಭೀರ ಘಟನೆಗಳಾದವು. 2023ರ ಡಿಸೆಂಬರಿನಲ್ಲಿ ಕಂಪನಿಗಳು ಒತ್ತಾಯದ ಬದಲಾವಣೆಯನ್ನು ತಡೆಹಿಡಿದವು. ಕೊನೆಯ ದಿನಾಂಕ 2027ರ ಜನವರಿ 31ಕ್ಕೆ ಹೋಯಿತು. ಲ್ಯಾಂಡ್‌ಲೈನ್ ಒಂದನ್ನೇ ನಂಬಿದವರಿಗೆ ಕನಿಷ್ಠ ಒಂದು ಗಂಟೆ ತುರ್ತು ಕರೆ ಮಾಡಲು ಆಗುವ ವ್ಯವಸ್ಥೆಯನ್ನು ಕಂಪನಿಯೇ ಮಾಡಿಕೊಡಬೇಕು ಅನ್ನುವುದು ಅಲ್ಲಿನ ನಿಯಂತ್ರಕರ ಸೂಚನೆ.

ದಿನಕ್ಕೆ ಐದು ನಿಮಿಷವೂ ಕರೆಂಟ್ ಹೋಗದ ಊರುಗಳಲ್ಲೇ ಇಷ್ಟು ಎಚ್ಚರ ಬೇಕಾದರೆ ನಮಗೆ ಎಷ್ಟು ಬೇಕು, ನೀವೇ ಹೇಳಿ.

ಮುಂದಿನ ಸಲ ಊರಿಗೆ ಹೋದಾಗ

ಒಳ್ಳೆಯ ಸುದ್ದಿ ಏನೆಂದರೆ, ನಮ್ಮ ಕೈಯಲ್ಲಿ ಇರುವ ಭಾಗ ಕಷ್ಟದ್ದಲ್ಲ. ಒಂದು ಭಾನುವಾರ ಸಾಕು.

ಮೇನ್ ಸ್ವಿಚ್ ಇಳಿಸಿ ನೋಡಿ. ಇದು ಮೊದಲ ಪರೀಕ್ಷೆ. ಮನೆ ಫೋನ್ ಎತ್ತಿ. ಡಯಲ್ ಟೋನ್ ಇದೆಯಾ? ನಿಮ್ಮ ಮೊಬೈಲಿಗೆ ಕರೆ ಮಾಡಿ ನೋಡಿ. ಪರೀಕ್ಷೆಗೆ ಅಂತ 108, 112ಕ್ಕೆ ಮಾತ್ರ ಮಾಡಬೇಡಿ.

ಡಬ್ಬಿಯನ್ನು ಇನ್ವರ್ಟರ್ ಪಾಯಿಂಟಿಗೆ ಹಾಕಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇನ್ವರ್ಟರ್ ಇದೆ. ಆದರೆ ಎಲೆಕ್ಟ್ರಿಷಿಯನ್ ಫ್ಯಾನು, ದೀಪಕ್ಕೆ ಮಾತ್ರ ಲೈನ್ ಕೊಟ್ಟಿರುತ್ತಾನೆ. ವೈಫೈ ಡಬ್ಬಿ ಟಿ.ವಿ. ಹತ್ತಿರದ ಮಾಮೂಲಿ ಪಾಯಿಂಟಿನಲ್ಲಿ ಇರುತ್ತದೆ. ಈ ಡಬ್ಬಿಗೆ ಬೇಕಾಗುವುದು ಹತ್ತು ವ್ಯಾಟ್ ಆಸುಪಾಸು, ಒಂದು ಚಿಕ್ಕ ಎಲ್.ಇ.ಡಿ. ಬಲ್ಬಿನಷ್ಟು. 150 ಎ.ಎಚ್. ಬ್ಯಾಟರಿಗೆ ಇದು ಲೆಕ್ಕಕ್ಕೇ ಇಲ್ಲ. ಒಂದು ಪಾಯಿಂಟ್ ಬದಲಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಇನ್ವರ್ಟರ್ ಇಲ್ಲದಿದ್ದರೆ ಮಿನಿ ಯು.ಪಿ.ಎಸ್. ರೂಟರ್‌ಗಾಗಿಯೇ ಬರುವ ಅಂಗೈಯಗಲದ ಯು.ಪಿ.ಎಸ್. ಅಂಗಡಿಯಲ್ಲಿ, ಆನ್‌ಲೈನಲ್ಲಿ ಸಿಗುತ್ತದೆ. ಕೊಳ್ಳುವ ಮೊದಲು ಡಬ್ಬಿಯ ಅಡಾಪ್ಟರ್ ಮೇಲಿನ ಅಕ್ಷರ ಓದಿ: ಹೆಚ್ಚಿನವು 12 ವೋಲ್ಟ್, ಆದರೆ ನೋಡಿಯೇ ತನ್ನಿ. ಎಷ್ಟು ಹೊತ್ತು ಬಾಳುತ್ತದೆ ಅನ್ನುವ ಲೆಕ್ಕವೂ ಸುಲಭ. ಪ್ಯಾಕ್ ಮೇಲೆ 8,800 ಎಂ.ಎ.ಎಚ್., 3.7 ವೋಲ್ಟ್ ಅಂತ ಇದ್ದರೆ ಗುಣಿಸಿ ಸಾವಿರದಿಂದ ಭಾಗಿಸಿ: ಸುಮಾರು 32 ವ್ಯಾಟ್-ಅವರ್. ಹತ್ತು ವ್ಯಾಟ್ ಡಬ್ಬಿಗೆ ಅದು ಮೂರು ಗಂಟೆಯೊಳಗೆ ಬರುತ್ತದೆ. 'ಎಂಟು ಗಂಟೆ ಬ್ಯಾಕಪ್' ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದರೆ ಈ ಲೆಕ್ಕ ಮಾಡಿ ನಂಬಿ. ಬ್ಯಾಟರಿ ವರ್ಷ ಕಳೆದಂತೆ ಸೊರಗುತ್ತದೆ ಅನ್ನುವುದೂ ನೆನಪಿರಲಿ.

ವಯರ್ ಇರುವ ಸಾದಾ ಫೋನೇ ಇರಲಿ. ಕಾರ್ಡ್‌ಲೆಸ್ ಫೋನಿನ ತಳಕ್ಕೆ ಬೇರೆ ಪ್ಲಗ್ ಬೇಕು. ಡಬ್ಬಿಗೆ ಬ್ಯಾಕಪ್ ಕೊಟ್ಟರೂ ಕರೆಂಟ್ ಹೋದಾಗ ಅದು ಸಾಯುತ್ತದೆ. ಹಳೆ ಸಾದಾ ಫೋನ್ ಡಬ್ಬಿಯಿಂದಲೇ ಕರೆಂಟ್ ತೆಗೆದುಕೊಳ್ಳುತ್ತದೆ. ಅಟ್ಟದ ಮೇಲೆ ಇದ್ದರೆ ಒರೆಸಿ ಇಳಿಸಿ.

ಎರಡು ಬೇರೆ ಬೇರೆ ಕಂಪನಿಯ ಸಿಮ್. ಅಪ್ಪನದು ಒಂದು, ಅಮ್ಮನದು ಇನ್ನೊಂದು. ಒಂದರ ಟವರ್ ಸತ್ತರೆ ಇನ್ನೊಂದು ಇರಬಹುದು. ಒಂದು ಕೀಪ್ಯಾಡ್ ಮೊಬೈಲ್ ಚಾರ್ಜ್ ಮಾಡಿ ದೇವರ ಗೂಡಿನ ಪಕ್ಕ ಇಟ್ಟರೆ ಇನ್ನೂ ಒಳ್ಳೆಯದು, ಅದರ ಬ್ಯಾಟರಿ ದಿನಗಟ್ಟಲೆ ಬರುತ್ತದೆ. ತಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಸಿಗ್ನಲ್ ಇದ್ದರೆ ಮೊಬೈಲ್ 112ಕ್ಕೆ ಕರೆ ಮಾಡಲು ನೋಡುತ್ತದೆ. ಇದನ್ನು ಹಿರಿಯರಿಗೆ ಹೇಳಿಕೊಡಿ, 'ರೇಂಜ್ ಇಲ್ಲ' ಅಂತ ಅವರು ಪ್ರಯತ್ನವನ್ನೇ ಬಿಟ್ಟುಬಿಡುತ್ತಾರೆ.

ಗೋಡೆ ಮೇಲೆ ಒಂದು ಹಾಳೆ ಅಂಟಿಸಿ. 108, 112, ಕರೆಂಟ್ ದೂರಿಗೆ 1912, ತಾಲೂಕು ಆಸ್ಪತ್ರೆಯ ಪೂರ್ತಿ ನಂಬರ್, ಮನೆ ಡಾಕ್ಟರ್, ಆಟೋದವರು, ಎರಡು ನೆರೆಮನೆ. ಕೆಳಗೆ ಮನೆಯ ವಿಳಾಸ ಗುರುತಿನ ಸಮೇತ: ಯಾವ ಗುಡಿ ಹಿಂದೆ, ಯಾವ ಶಾಲೆ ಎದುರು. ಗಡಿ ಊರಿನವರು ಬೀದರ್ ಕೋಡ್ 08482, ಭಾಲ್ಕಿ 08484, ಔರಾದ್ 08485 ಸೇರಿಸಿ ಆಸ್ಪತ್ರೆಯ ನಂಬರ್ ಬರೆದಿಡಿ. ಪೂರ್ತಿ ನಂಬರ್ ಒತ್ತಿದರೆ ಯಾವ ರಾಜ್ಯದ ಟವರ್ ಹಿಡಿದಿದ್ದರೂ ಕರೆ ಸರಿಯಾದ ಜಾಗಕ್ಕೇ ಹೋಗುತ್ತದೆ.

ಕೇಳಲೇಬೇಕಾದ ನಾಲ್ಕು ಪ್ರಶ್ನೆ

ಮನೆಯ ಬ್ಯಾಟರಿ ನಮ್ಮ ಕೆಲಸ ಅಂದುಕೊಳ್ಳೋಣ. ಆಚೆ ತುದಿಯದ್ದು ಕೊಡುವವರ ಕೆಲಸ. ಫೈಬರ್ ಹಾಕಿಸುವಾಗ, ಈಗಾಗಲೇ ಹಾಕಿಸಿದ್ದರೆ ಮುಂದಿನ ರೀಚಾರ್ಜ್ ಮೊದಲು, ಆಪರೇಟರ್‌ಗೆ ಇಷ್ಟು ಕೇಳಿ: ನಿಮ್ಮ ಓ.ಎಲ್.ಟಿ. ಎಲ್ಲಿದೆ? ಕರೆಂಟ್ ಹೋದರೆ ಅಲ್ಲಿ ಎಷ್ಟು ಗಂಟೆ ನಡೆಯುತ್ತದೆ? ಊರಿಗೆ ಬರುವ ಮುಖ್ಯ ಫೈಬರ್ ಒಂದೇ ದಾರಿಯಲ್ಲಿದೆಯಾ, ಎರಡು ದಾರಿಯಲ್ಲಿದೆಯಾ? ಭಾನುವಾರ ರಾತ್ರಿ ಲೈನ್ ಹೋದರೆ ಫೋನ್ ಎತ್ತುವವರು ಯಾರು?

ಉತ್ತರ ಸಿಗದೆ ಇರಬಹುದು. ಆದರೆ ಹತ್ತು ಗ್ರಾಹಕರು ಇದೇ ಪ್ರಶ್ನೆ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ತಯಾರಿರುತ್ತದೆ. ನಾವು ಈವರೆಗೆ ಕೇಳಿದ್ದು ಎಷ್ಟು ಎಂ.ಬಿ.ಪಿ.ಎಸ್., ಯಾವ ಓ.ಟಿ.ಟಿ. ಫ್ರೀ ಅಂತ ಮಾತ್ರ. ಅವರೂ ಅದನ್ನೇ ಮಾರಿದರು.

ಅಪಾರ್ಟ್‌ಮೆಂಟ್ ಸಂಘದಲ್ಲಿ ಇರುವವರು ಲಿಫ್ಟ್ ಒಳಗಿನ ತುರ್ತು ಫೋನ್ ಯಾವ ಲೈನಿನಲ್ಲಿದೆ ಅಂತಲೂ ನೋಡಿ. ಕರೆಂಟ್ ಹೋದಾಗಲೇ ಅಲ್ಲವೇ ಜನ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುವುದು? ಹಳ್ಳಿಗಳಲ್ಲಿ ಭಾರತ್‌ನೆಟ್ ಫೈಬರ್ ಬಂದಿರುವ ಪಂಚಾಯಿತಿ ಕಟ್ಟಡಕ್ಕೆ ಸೋಲಾರ್ ಅಥವಾ ಒಳ್ಳೆಯ ಬ್ಯಾಟರಿ ಹಾಕಿಸಿದರೆ, ಊರೆಲ್ಲ ಕತ್ತಲಲ್ಲಿದ್ದಾಗಲೂ ಫೋನ್ ಮಾಡಲು ಒಂದು ಜಾಗವಾದರೂ ಉಳಿಯುತ್ತದೆ. ಗ್ರಾಮ ಸಭೆಯಲ್ಲಿ ಎತ್ತಬೇಕಾದ ಮಾತು ಇದು. ಹಿಂದೆ ಓಣಿಗೆ ಎರಡು 'ಪಿ.ಪಿ.' ಮನೆ ಇದ್ದ ಹಾಗೆ, ಊರಿಗೆ ಒಂದು.

ಆ ಮೇ ರಾತ್ರಿಯಾದ ಮೇಲೆ ನಾನು ಊರಿಗೆ ಹೋದೆ. ಡಬ್ಬಿಯನ್ನು ಟಿ.ವಿ. ಪಕ್ಕದಿಂದ ಕಿತ್ತು ಇನ್ವರ್ಟರ್ ಪಾಯಿಂಟಿನ ಹತ್ತಿರ ಗೋಡೆಗೆ ಹಾಕಿಸಿದೆ. ನೆಬ್ಯುಲೈಜರ್‌ಗೂ ಅಲ್ಲೇ ಒಂದು ಪಾಯಿಂಟ್ ಕೊಡಿಸಿದೆ. ಅಟ್ಟದಿಂದ ಹಳೆ ಕರಿ ಫೋನ್ ಇಳಿಸಿ ಜೋಡಿಸಿದೆ. ಎಲ್ಲ ಮುಗಿದ ಮೇಲೆ ಮೇನ್ ಸ್ವಿಚ್ ಇಳಿಸಿ, ಹೊರಗೆ ಕಟ್ಟೆ ಮೇಲೆ ಹೋಗಿ ಕುಳಿತೆ.

ಅರ್ಧ ನಿಮಿಷ ಬಿಟ್ಟು ನನ್ನ ಮೊಬೈಲ್ ಬಡಿಯಿತು. 08484 ಕೋಡ್, ನಮ್ಮ ಮನೆಯದೇ ನಂಬರ್.

"ಕೇಳ್ಲತದೇನು?" ಅಪ್ಪ ಒಳಗಿನಿಂದ ಫೋನಿನಲ್ಲಿ ಕೇಳಿದರು.

"ಕೇಳ್ಲತದ," ಅಂದೆ.

"ಹಂಗಾರ ಲೈಟ್ ಹಚ್ಚು, ಶೆಕೆ ಆಗ್ಲತದ."